ಖಗೋಳ ವಿಜ್ಞಾನ, ಜಿಯೋಫಿಸಿಕ್ಸ್ ಓದಬೇಕು ಅನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಪಿಯುಸಿ, ಬಿ.ಎಸ್ಸಿ. ಮಕ್ಕಳು ಮತ್ತು ಅವರ ಅಪ್ಪ ಅಮ್ಮ ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೆಲವು ಕ್ಲಾಸು ಬಿಟ್ಟ ಮೇಲೆ ಕಾರಿಡಾರಿನಲ್ಲಿ ಬಂದವು, ಕೆಲವು ಪತ್ರದಲ್ಲಿ, ಕೆಲವು ಮದುವೆ ಮನೆಯ ಪಂಕ್ತಿಯಲ್ಲಿ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಪ್ರವೇಶದ ನಿಯಮ, ಫೀ, ಕೊನೆಯ ದಿನಾಂಕ ವರ್ಷ ವರ್ಷ ಬದಲಾಗುತ್ತವೆ. ಅರ್ಜಿ ಹಾಕುವ ಮುಂಚೆ ಆ ವರ್ಷದ ಪ್ರಕಟಣೆಯನ್ನು ಒಮ್ಮೆ ನೋಡಿಕೊಳ್ಳಿ.

## ಶುರುವಿನ ಪ್ರಶ್ನೆಗಳು

ಅಸ್ಟ್ರಾನಮಿ ಅಂದ್ರ ಕುಂಡಲಿ ನೋಡೋದನ ಏನ್ರೀ ಸರ್?

ಅಲ್ಲ. ಸೂರ್ಯ, ನಕ್ಷತ್ರ, ಗ್ರಹ, ಗ್ಯಾಲಕ್ಸಿಗಳಿಂದ ಬರುವ ಬೆಳಕು, ರೇಡಿಯೋ ಅಲೆ, ಎಕ್ಸ್‌ರೇ ಇವನ್ನು ಹಿಡಿದು ಅಳೆದು, ಅಲ್ಲಿ ಏನು ನಡೆದಿದೆ ಅಂತ ಲೆಕ್ಕ ಹಾಕುವುದು ಖಗೋಳ ವಿಜ್ಞಾನ. ಮದುವೆ, ಮನೆ, ನೌಕರಿಯ ಯೋಗ ಇಲ್ಲಿ ಯಾರೂ ಹೇಳುವುದಿಲ್ಲ. ಮನೆಯಲ್ಲಿ ಅಜ್ಜ ಪಂಚಾಂಗ ತೆಗೆದು "ಇವತ್ತು ಚಂದ್ರ ಯಾವ ನಕ್ಷತ್ರದಾಗ ಅದಾನ ಹೇಳು" ಅಂದರೆ ಮಾತ್ರ ಬೇಜಾರಾಗಬೇಡಿ. ರಾತ್ರಿ ಹೊರಗೆ ಹೋಗಿ ನೋಡಿ ಬನ್ನಿ. ರೋಹಿಣಿ, ಚಿತ್ತಾ, ಕೃತ್ತಿಕಾ ಎಲ್ಲಿವೆ ಅಂತ ಗುರುತಿಸುವುದು ಒಳ್ಳೆಯ ಅಭ್ಯಾಸವೇ.

ಜಿಯೋಫಿಸಿಕ್ಸ್ ಅಂತ ಈಗ ಕೇಳಾಕತ್ತೇನಿ. ಜಾಗ್ರಫಿನಾ ಅದು?

ನಿಮ್ಮ ಹೊಲದಲ್ಲಿ ಬೋರ್‌ವೆಲ್ ಪಾಯಿಂಟ್ ಹಿಡಿಯಲು ಮಷೀನು ತಂದವರನ್ನು ನೋಡಿದ್ದೀರಾ? ಅದು ಜಿಯೋಫಿಸಿಕ್ಸ್. ತೆಂಗಿನಕಾಯಿ ಹಿಡಿದು ಓಡಾಡುವವರಲ್ಲ, ವೈರು, ಬ್ಯಾಟರಿ, ಕಬ್ಬಿಣದ ಗೂಟ ತರುವವರು.

ಅವರು ಒಂದೇ ಸಾಲಿನಲ್ಲಿ ನಾಲ್ಕು ಗೂಟ ಹೊಡೆಯುತ್ತಾರೆ. ಹೊರಗಿನ ಎರಡರ ಮೂಲಕ ನೆಲಕ್ಕೆ ಕರೆಂಟು ಬಿಡುತ್ತಾರೆ, ಒಳಗಿನ ಎರಡರ ನಡುವೆ ವೋಲ್ಟೇಜು ಅಳೆಯುತ್ತಾರೆ. ನೆಲ ಒಣಗಿದ್ದರೆ ಗೂಟದ ಬುಡಕ್ಕೆ ಒಂದು ತಂಬಿಗೆ ನೀರು ಹೊಯ್ಯುತ್ತಾರೆ, ಕರೆಂಟು ಸರಿಯಾಗಿ ಹೋಗಲಿ ಅಂತ. ಆಮೇಲೆ ಹೊರಗಿನ ಗೂಟಗಳನ್ನು ಇನ್ನೂ ದೂರ ದೂರ ಸರಿಸುತ್ತಾ ಹೋಗುತ್ತಾರೆ. ಗೂಟ ದೂರವಾದಷ್ಟೂ ಕರೆಂಟು ಆಳಕ್ಕೆ ಇಳಿಯುತ್ತದೆ. ಹೀಗೆ ಒಂದೊಂದು ಆಳದ ವಿದ್ಯುತ್ ರೋಧ ಎಷ್ಟು ಅಂತ ಗ್ರಾಫ್ ಹಾಕುತ್ತಾರೆ. ಬಿರುಕಿಲ್ಲದ ಗಟ್ಟಿ ಬಂಡೆಯಾದರೆ ಸಾವಿರಾರು ಓಮ್-ಮೀಟರ್ ಬರುತ್ತದೆ. ಕೊಳೆತ ಕಲ್ಲು, ಬಿರುಕಿನಲ್ಲಿ ನೀರು ಇದ್ದರೆ ತುಂಬಾ ಕಡಿಮೆ ಬರುತ್ತದೆ. ಎರೆಮಣ್ಣಿನ ಜಿಗುಟು ಪದರ ಬಂದರೆ ಇನ್ನೂ ಕಡಿಮೆ, ಕೆಲವೊಮ್ಮೆ ಹತ್ತರ ಒಳಗೆ. ಮೋಸ ಹೋಗುವುದು ಇಲ್ಲೇ. ಅಂಕಿ ಕಡಿಮೆ ಬಂತು, ನೀರು ಇದೆ ಅಂತ ಕೊರೆಸಿದರೆ ಬರೀ ಜೇಡಿ ಸಿಗಬಹುದು. ಜಾಗದ ಕಲ್ಲು ಮಣ್ಣು ಗೊತ್ತಿದ್ದವರಿಗೆ ಮಾತ್ರ ಗ್ರಾಫ್ ಓದಲು ಬರುತ್ತದೆ.

ನೀರು ಹುಡುಕುವುದು ಇದರ ಒಂದು ಮೂಲೆ ಅಷ್ಟೇ. ಭೂಕಂಪದ ಅಲೆಗಳು, ಭೂಮಿಯ ಕಾಂತಕ್ಷೇತ್ರ, ಗುರುತ್ವದ ಸಣ್ಣ ಏರುಪೇರು ಇವನ್ನೆಲ್ಲ ಅಳೆದು, ಅಗೆಯದೇ ನೆಲದೊಳಗಿನದನ್ನು ತಿಳಿಯುವ ಫಿಸಿಕ್ಸ್ ಇದು. ಜಾಗ್ರಫಿ ಬೇರೆ. ಜಿಯಾಲಜಿ ಇದರ ಅಣ್ಣ, ಆದರೆ ಅದೂ ಬೇರೆ.

ಪಿಯುಸಿ ಸೈನ್ಸ್ ಆತು. ಡೈರೆಕ್ಟ್ ಬಿ.ಎಸ್ಸಿ. ಅಸ್ಟ್ರಾನಮಿಗೆ ಸೇರಸೂನಂದ್ರ ಎಲ್ಲೂ ಸಿಗವಲ್ದು. ಏನ್ ಮಾಡೂದ್ರಿ?

ಸಿಗದಿದ್ದರೆ ಒಳ್ಳೆಯದೇ ಆಯಿತು. ನಮ್ಮ ದೇಶದಲ್ಲಿ ಖಗೋಳ ವಿಜ್ಞಾನಿ ಆದವರಲ್ಲಿ ಹೆಚ್ಚಿನವರು ಮೊದಲು ಓದಿದ್ದು ಫಿಸಿಕ್ಸ್. ಡಿಗ್ರಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಗಟ್ಟಿ ಮಾಡಿಕೊಂಡರೆ ಎಂ.ಎಸ್ಸಿ. ಅಥವಾ ಪಿಎಚ್.ಡಿ. ಹೊತ್ತಿಗೆ ನಕ್ಷತ್ರದ ಕಡೆ ತಿರುಗಬಹುದು, ಭೂಮಿಯ ಕಡೆಯೂ ತಿರುಗಬಹುದು. ಮನಸ್ಸು ಬದಲಾದರೆ ಬೇರೆ ಯಾವುದಕ್ಕೂ ಹೋಗಬಹುದು. ಹದಿನೆಂಟನೇ ವಯಸ್ಸಿಗೆ "ಅಸ್ಟ್ರಾನಮಿ" ಅಂತ ಹೆಸರಿರುವ ಡಿಗ್ರಿಗಾಗಿ ದುಬಾರಿ ಫೀ ಕಟ್ಟಿ ದೂರ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಸರ್ಟಿಫಿಕೇಟಿನ ಮೇಲೆ ಏನು ಬರೆದಿದೆ ಅನ್ನುವುದಕ್ಕಿಂತ ಕ್ವಾಂಟಮ್ ಮೆಕ್ಯಾನಿಕ್ಸ್ ಎಷ್ಟು ಬರುತ್ತದೆ ಅಂತ ಮುಂದಿನವರು ಕೇಳುತ್ತಾರೆ.

ಪಿಸಿಎಂಬಿ ಛಲೋನೋ, ಪಿಸಿಎಂಸಿ ಛಲೋನೋ?

ಯಾವುದಾದರೂ ಸರಿ. ಪಿ ಮತ್ತು ಎಂ ಇರಬೇಕು, ಅಷ್ಟೇ.

ಹತ್ತನೇತ್ತದವರೆಗೂ ಕನ್ನಡ ಮೀಡಿಯಂ. ಇಂಗ್ಲಿಷ್ ಅಂದ್ರ ಎದಿ ಢವಢವ ಅಂತದ. ನನ್ನಂಥವರಿಗೆ ಆಗತದೇನ್ರಿ?

ಆಗುತ್ತದೆ. ಮೊದಲ ಒಂದು ವರ್ಷ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಫಿಸಿಕ್ಸಿನ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷ್ ಅಲ್ಲ. ಒಂದು ಪಾಠದಲ್ಲಿ ಹೊಸ ಪದ ಮೂವತ್ತೋ ನಲವತ್ತೋ ಇರುತ್ತವೆ, ಅವೇ ಮತ್ತೆ ಮತ್ತೆ ಬರುತ್ತವೆ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಪದ, ಬಲಕ್ಕೆ ಕನ್ನಡದಲ್ಲಿ ನಿಮ್ಮದೇ ವಿವರಣೆ ಬರೆಯಿರಿ. ಲೆಕ್ಕವನ್ನು ತಲೆಯಲ್ಲಿ ಕನ್ನಡದಲ್ಲೇ ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ಪರಿಕಲ್ಪನೆ ಅರ್ಥವಾಗದೆ ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿದವರು ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ನಿಲ್ಲುತ್ತಾರೆ. ತಡವರಿಸುತ್ತಾ ಆದರೂ ಬೋರ್ಡಿನ ಮೇಲೆ ಸಮೀಕರಣ ಬರೆದು ತೋರಿಸಿದವರು ಆಯ್ಕೆಯಾಗುತ್ತಾರೆ.

ಗಣಿತದಾಗ ಸ್ವಲ್ಪ ವೀಕ್ ಅದೇನಿ. ಆದರ ಬ್ಲ್ಯಾಕ್ ಹೋಲ್ ಅಂದ್ರ ಭಾಳ ಇಷ್ಟ.

ಇಷ್ಟ ಇದ್ದರೆ ಗಣಿತ ಮಾಡಿ. ಬೇರೆ ದಾರಿ ಇಲ್ಲ. ಕ್ಯಾಲ್ಕುಲಸ್, ವೆಕ್ಟರ್, ಡಿಫರೆನ್ಷಿಯಲ್ ಸಮೀಕರಣ, ಮ್ಯಾಟ್ರಿಕ್ಸ್ ಇವಿಲ್ಲದೆ ಬ್ಲ್ಯಾಕ್ ಹೋಲ್ ಬರೀ ವಿಡಿಯೋದಲ್ಲಿ ನೋಡುವ ವಸ್ತುವಾಗಿ ಉಳಿಯುತ್ತದೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದದ್ದಕ್ಕೂ ಗಣಿತ ಬಾರದಿರುವುದಕ್ಕೂ ವ್ಯತ್ಯಾಸ ಇದೆ. ಎಷ್ಟೋ ಜನರಿಗೆ ಹಿಂದಿನ ಪಾಠದ ಬುಡ ಅಲುಗಾಡುತ್ತಿರುತ್ತದೆ. ಬೇಸಿಗೆ ರಜೆಯಲ್ಲಿ ಪಿಯುಸಿ ಮೊದಲ ವರ್ಷದ ಟ್ರಿಗನಾಮೆಟ್ರಿಯಿಂದ ಮತ್ತೆ ಶುರು ಮಾಡಿ ನೋಡಿ.

## ಡಿಗ್ರಿ ಮಾಡುವಾಗ

ಧಾರವಾಡದಾಗ ಬಿ.ಎಸ್ಸಿ. ಮಾಡಿದ್ರ ಸಾಕೋ, ಬೆಂಗಳೂರಿಗೇ ಹೋಗಬೇಕೋ?

ಸಾಕು. ಧಾರವಾಡ ಕಾಲೇಜು ಓದಿಗೆ ಹೊಸ ಊರಲ್ಲ. ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ, ಭೂವಿಜ್ಞಾನ ಎರಡೂ ಸ್ನಾತಕೋತ್ತರ ವಿಭಾಗಗಳಿವೆ. 2016ರಿಂದ ಐಐಟಿಯೂ ಇಲ್ಲೇ ಇದೆ. ಅಲ್ಲಿ ಹೊರಗಿನವರಿಗೂ ತೆರೆದ ಉಪನ್ಯಾಸ ಇದೆ ಅಂತ ಗೊತ್ತಾದರೆ ಸೈಕಲ್ ಹತ್ತಿ ಹೋಗಿಬಿಡಿ, ಅರ್ಧ ಅರ್ಥವಾದರೂ ನಷ್ಟವಿಲ್ಲ.

ಬೆಂಗಳೂರಿನ ಲಾಭ ಬೇರೆ ಇದೆ. ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಐಐಎಸ್‌ಸಿ ಎಲ್ಲ ಅಲ್ಲಿವೆ. ನೆಹರೂ ತಾರಾಲಯ ಡಿಗ್ರಿ ವಿದ್ಯಾರ್ಥಿಗಳಿಗೆ ಅಂತಲೇ ವಿಜ್ಞಾನ ಕ್ಲಾಸು ನಡೆಸುತ್ತಾ ಬಂದಿದೆ. ಆದರೆ ಪೇಯಿಂಗ್ ಗೆಸ್ಟ್ ವಸತಿಗೆ ದುಡ್ಡು ಕಟ್ಟಿ, ದಿನಾ ಬಸ್ಸಿನಲ್ಲಿ ಮೂರು ತಾಸು ಕಳೆದು, ಸಾಧಾರಣ ಕಾಲೇಜಿನಲ್ಲಿ ಓದುವುದಾದರೆ ಬೆಂಗಳೂರು ಹೆಸರಿಗಷ್ಟೇ. ಅದಕ್ಕಿಂತ ಧಾರವಾಡದ ಹಾಸ್ಟೆಲಿನಲ್ಲಿ ಕೂತು ಓದಿದವರು ಮುಂದೆ ಹೋಗಿದ್ದನ್ನು ಕಂಡಿದ್ದೇನೆ.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದ್ದಾರೆ. ಕೆಲವು ಕೋರ್ಸಿಗೆ, ಮುಖ್ಯವಾಗಿ ಹೊರದೇಶದಲ್ಲಿ, ನಾಲ್ಕು ವರ್ಷದ ಪದವಿ ಕೇಳುತ್ತಾರೆ. ಎಂ.ಎಸ್ಸಿ. ಮಾಡಿಕೊಂಡು ಹೋದರೆ ಆ ತೊಡಕು ಬರುವುದಿಲ್ಲ.

ಐಸರ್, ಐಐಎಸ್‌ಟಿ, ನೈಸರ್ ಅಂತ ಹುಡುಗ ಹೇಳ್ತಾನ. ಇವೆಲ್ಲಾ ಏನ್ರೀ? ನೀಟ್ ಬರದ್ರ ಸಿಗತಾವೇನು?

ಇವು ಪಿಯುಸಿ ಆದ ಮೇಲೆ ನೇರ ಸೇರಬಹುದಾದ ಕೇಂದ್ರ ಸರ್ಕಾರದ ಸಂಸ್ಥೆಗಳು. ಐಸರ್ ಏಳು ಕಡೆ ಇವೆ, ನಮಗೆ ಹತ್ತಿರದ್ದು ಪುಣೆ. ಅದಕ್ಕೆ ಐಎಟಿ ಅನ್ನುವ ಪರೀಕ್ಷೆ ಇದೆ. ಭುವನೇಶ್ವರದ ನೈಸರ್‌ಗೆ ನೆಸ್ಟ್ ಬರೆಯಬೇಕು. ತಿರುವನಂತಪುರದ ಐಐಎಸ್‌ಟಿ ಬಾಹ್ಯಾಕಾಶ ಇಲಾಖೆಗೆ ಸೇರಿದ್ದು, ಅಲ್ಲಿನ ಬಿ.ಟೆಕ್.ಗೆ ಜೆಇಇ ಅಡ್ವಾನ್ಸ್ಡ್ ಬೇಕು. ಜಿಯೋಫಿಸಿಕ್ಸ್ ಬೇಕು ಅನ್ನುವವರಿಗೆ ಐಐಟಿ ಖರಗ್‌ಪುರ, ಧನಬಾದ್, ರೂರ್ಕಿಯಲ್ಲಿ ನೇರ ಕೋರ್ಸುಗಳಿವೆ, ಅವಕ್ಕೂ ಜೆಇಇ ಅಡ್ವಾನ್ಸ್ಡ್. ನೀಟ್ ನಂಬಿ ಕೂರಬೇಡಿ. ಈ ಪರೀಕ್ಷೆಗಳಲ್ಲಿ ಸಿಕ್ಕರೆ ಖುಷಿಯಾಗಿ ಹೋಗಿ. ಸಿಗಲಿಲ್ಲ ಅಂದರೆ ಒಂದು ವರ್ಷ ಮನೆಯಲ್ಲಿ ಕೂರುವುದು ಬೇಡ. ಬಿ.ಎಸ್ಸಿ. ಮುಗಿಸಿದ ಮೇಲೆ ಇಂಥ ಸಂಸ್ಥೆಗಳಿಗೆ ಇನ್ನೊಂದು ಬಾಗಿಲು ಇದ್ದೇ ಇದೆ.

ಇಂಜಿನಿಯರಿಂಗ್ ಎರಡನೇ ವರ್ಷ. ತಪ್ಪು ಮಾಡಿದ್ನೇನೋ ಅನಸಾಕತ್ತೇತಿ. ವಾಪಸ್ ಬರಬಹುದಾ?

ವಾಪಸ್ ಬರುವುದೇನೂ ಬೇಡ, ಅಲ್ಲಿಂದಲೇ ಮುಂದೆ ಹೋಗಿ. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾ, ಬೆಂಗಳೂರಿನ ಐಐಎಸ್‌ಸಿ ನೇತೃತ್ವದ ಜಂಟಿ ಖಗೋಳ ಕಾರ್ಯಕ್ರಮ ಇಂಥ ಕಡೆ ಪಿಎಚ್.ಡಿ.ಗೆ ಇಂಜಿನಿಯರಿಂಗ್ ಪದವೀಧರರೂ ಅರ್ಜಿ ಹಾಕಬಹುದು. ಸಿಗ್ನಲ್ ಪ್ರಾಸೆಸಿಂಗ್ ಗೊತ್ತಿದ್ದ ಎಲೆಕ್ಟ್ರಾನಿಕ್ಸ್ ಹುಡುಗರಿಗೆ ರೇಡಿಯೋ ಖಗೋಳದಲ್ಲೂ ಭೂಕಂಪ ಅಧ್ಯಯನದಲ್ಲೂ ಬೆಲೆ ಇದೆ. ಕೊರತೆ ಬೀಳುವುದು ಫಿಸಿಕ್ಸಿನಲ್ಲಿ. ಕ್ವಾಂಟಮ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಎಲೆಕ್ಟ್ರೋಡೈನಾಮಿಕ್ಸ್ ಸ್ವಂತ ಓದಿಕೊಳ್ಳಬೇಕು.

ಮಗಳು ಟೆಲಿಸ್ಕೋಪ್ ಬೇಕಂತ ಹಟ ಹಿಡದಾಳ. ಕೊಡಸೂದೋ ಬ್ಯಾಡೋ?

ಸದ್ಯಕ್ಕೆ ಬೇಡ. ಅಗ್ಗದ ಟೆಲಿಸ್ಕೋಪಿನ ಸ್ಟ್ಯಾಂಡು ಅಲುಗಾಡುತ್ತದೆ, ಗುರು ಗ್ರಹ ಕಣ್ಣಿಗೆ ಸಿಕ್ಕು ಜಾರಿ ಹೋಗುತ್ತದೆ, ಎರಡು ತಿಂಗಳಿಗೆ ಅದು ಅಟ್ಟ ಸೇರುತ್ತದೆ. 10×50 ಬೈನಾಕ್ಯುಲರ್ ಕೊಡಿಸಿ. ಅದನ್ನು ಗೋಡೆಗೆ ಆನಿಸಿ ಹಿಡಿದರೆ ಗುರುವಿನ ನಾಲ್ಕು ದೊಡ್ಡ ಚಂದ್ರರು, ಕೃತ್ತಿಕೆಯ ಗುಂಪು, ಆಂಡ್ರೊಮಿಡಾ ಗ್ಯಾಲಕ್ಸಿಯ ಮಸುಕು ಎಲ್ಲ ಕಾಣುತ್ತವೆ. ಸೂರ್ಯನ ಕಡೆ ಮಾತ್ರ ಎಂದೂ ತಿರುಗಿಸಬಾರದು.

ಅದಕ್ಕೂ ಮುಂಚೆ ದುಡ್ಡಿಲ್ಲದ ಒಂದು ಪ್ರಯೋಗ ಇದೆ. ಮಾಳಿಗೆಯ ಮೇಲೆ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಮಾರ್ಚ್ 21ರ ಆಸುಪಾಸು ಮಧ್ಯಾಹ್ನ ನೆರಳು ಅಳೆಯಿರಿ. ನೆರಳು ಅತಿ ಗಿಡ್ಡ ಆಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಹುಬ್ಬಳ್ಳಿಯಲ್ಲಿ ಆ ದಿನ ಸುಮಾರು 12:37ಕ್ಕೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 75ರ ಹತ್ತಿರ. ಅದಕ್ಕೇ ಸುಮಾರು ಅರ್ಧ ತಾಸು ತಡ. ಉಳಿದ ಏಳು ನಿಮಿಷ ಭೂಮಿಯ ಓಟದಿಂದ ಬಂದದ್ದು, ವರ್ಷವಿಡೀ ಬದಲಾಗುತ್ತಿರುತ್ತದೆ. ಆಗ ನೆರಳು ಹೆಚ್ಚುಕಡಿಮೆ 27.5 ಸೆಂ.ಮೀ. ಇರುತ್ತದೆ. ನೆರಳನ್ನು ಕೋಲಿನ ಉದ್ದದಿಂದ ಭಾಗಿಸಿ, ಅದು ಯಾವ ಕೋನದ ಟ್ಯಾನ್ ಅಂತ ನೋಡಿದರೆ 15.4 ಡಿಗ್ರಿ ಬರುತ್ತದೆ. ಅದು ಹುಬ್ಬಳ್ಳಿಯ ಅಕ್ಷಾಂಶ.

ಈಗ ಮಜಾ ನೋಡಿ. ನೆರಳನ್ನು ಒಂದು ಸೆಂಟಿಮೀಟರ್ ಕಡಿಮೆ ಅಳೆದರೆ ನಿಮ್ಮ ಮನೆ ಸುಮಾರು 60 ಕಿ.ಮೀ. ದಕ್ಷಿಣಕ್ಕೆ, ಹಾವೇರಿಯ ಹತ್ತಿರ ಹೋಗಿ ಕೂರುತ್ತದೆ. ನೆರಳಿನ ಅಂಚು ಮಸುಕಾಗಿರುವುದರಿಂದ ಈ ಒಂದು ಸೆಂಟಿಮೀಟರ್ ತಪ್ಪು ಎಲ್ಲರಿಗೂ ಆಗುವಂಥದ್ದೇ. ಅಳತೆ ಎಷ್ಟು ತಪ್ಪಿರಬಹುದು ಅಂತ ಲೆಕ್ಕ ಹಾಕಲು ಕಲಿತ ಮೇಲೆ ಟೆಲಿಸ್ಕೋಪಿನ ಮಾತು ಮಾಡೋಣ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಹೊತ್ತಿಗೆ ಹುಬ್ಬಳ್ಳಿಯಲ್ಲಿ ನೆರಳೇ ಇಲ್ಲದ ದಿನ ಬರುತ್ತದೆ, ಅದನ್ನೂ ಬಿಡಬೇಡಿ. ಆಗಸ್ಟಿನಲ್ಲಿ ಮೋಡ ಬಿಡುವುದು ಮಾತ್ರ ಕಷ್ಟ.

ನಮ್ಮ ಕಡೆ ಏನೈತ್ರಿ ನೋಡಾಕ? ಎಲ್ಲಾ ಹಿಮಾಲಯದಾಗ, ಬೆಂಗಳೂರಾಗ ಐತಿ.

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಜಗತ್ತಿನ ಭೂವಿಜ್ಞಾನಿಗಳು ನಮ್ಮೂರ ಹೆಸರು ಹೇಳದೆ ಪಾಠ ಮಾಡುವುದಿಲ್ಲ! ಭೂಖಂಡದ ಹಳೆಯ, ಗಟ್ಟಿಯಾದ ತುಂಡಿಗೆ ಕ್ರೇಟಾನ್ ಅನ್ನುತ್ತಾರೆ. ದಕ್ಷಿಣ ಭಾರತದ ಅಂಥ ತುಂಡಿಗೆ ಇಟ್ಟ ಹೆಸರೇ ಧಾರವಾಡ ಕ್ರೇಟಾನ್. 19ನೇ ಶತಮಾನದಲ್ಲಿ ಇಲ್ಲಿನ ಶಿಲೆಗಳಿಗೆ ಧಾರವಾಡದ ಹೆಸರು ಕೊಟ್ಟವರು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಇದರ ಪಶ್ಚಿಮ ಭಾಗದ ಕೆಲವು ಕಲ್ಲುಗಳು 300 ಕೋಟಿ ವರ್ಷಕ್ಕೂ ಹಳೆಯವು. ಗದಗದಿಂದ ಚಿತ್ರದುರ್ಗದ ಕಡೆ ಹಬ್ಬಿರುವ ಶಿಸ್ಟ್ ಶಿಲೆಯ ಪಟ್ಟಿಯಲ್ಲಿ ಚಿನ್ನ ಇದೆ. 20ನೇ ಶತಮಾನದ ಆರಂಭದಲ್ಲಿ ಗದಗದ ಸುತ್ತ ಗಣಿ ತೋಡಿದ್ದರು. ಕಪ್ಪತಗುಡ್ಡ ಹತ್ತಿದವರು ಸಾಮಾನ್ಯವಾಗಿ ಗಿಡಮೂಲಿಕೆ ನೋಡುತ್ತಾರೆ, ಗಾಳಿ ನೋಡುತ್ತಾರೆ. ಮುಂದಿನ ಸಲ ಕಾಲ ಕೆಳಗಿನ ಕಲ್ಲನ್ನೂ ನೋಡಿ. ತೆಗೆದುಕೊಂಡು ಬರಬೇಡಿ, ಅದು ವನ್ಯಧಾಮ.

ಆಕಾಶದ ವಿಷಯಕ್ಕೂ ಹುಬ್ಬಳ್ಳಿ ಹಿಂದೆ ಬಿದ್ದಿಲ್ಲ. 1980ರ ಫೆಬ್ರುವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾದ ಕಡೆಯಿಂದ ಒಳಬಂದು ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದು ಹೋಗಿತ್ತು. ಅದನ್ನು ಅಳೆಯಲು ವಿಜ್ಞಾನಿಗಳು ನಮ್ಮ ಭಾಗದಲ್ಲೇ ಬೀಡು ಬಿಟ್ಟಿದ್ದರು. ಮನೆಯ ಹಿರಿಯರನ್ನು ಕೇಳಿ. ಎಷ್ಟೋ ಜನ ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಭಾರತದಲ್ಲಿ ಮುಂದಿನ ಖಗ್ರಾಸ ಗ್ರಹಣ 2034ರ ಮಾರ್ಚ್ 20ಕ್ಕೆ, ಅದೂ ಲಡಾಖ್ ಕಡೆ.

ಕೋಡಿಂಗ್ ಕಲೀಬೇಕಂತಾರ. ನಕ್ಷತ್ರಕ್ಕೂ ಕೋಡಿಂಗಿಗೂ ಏನ್ ಸಂಬಂಧ?

ಈಗ ಖಗೋಳ ವಿಜ್ಞಾನಿ ಟೆಲಿಸ್ಕೋಪಿನ ಹಿಂದೆ ಕಣ್ಣಿಟ್ಟು ಕೂರುವುದಿಲ್ಲ, ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಪೈಥಾನ್ ಮತ್ತು ಲಿನಕ್ಸ್ ಕಲಿಯಿರಿ. ಖಗೋಳಕ್ಕೆ ಆಸ್ಟ್ರೋಪೈ, ಭೂಕಂಪದ ದತ್ತಾಂಶಕ್ಕೆ ಆಬ್ಸ್‌ಪೈ ಅಂತ ಉಚಿತ ಸಲಕರಣೆಗಳಿವೆ. ಯುರೋಪಿನ ಗಯಾ ಉಪಗ್ರಹ ಅಳೆದ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಪಟ್ಟಿ ಯಾರಿಗೆ ಬೇಕಾದರೂ ಸಿಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿ ನಿಮ್ಮ ತಾಲೂಕಿನ ಶಿಲಾ ನಕ್ಷೆ ನೋಡಬಹುದು. ಲಕ್ಷ್ಮೇಶ್ವರದಲ್ಲಿ ಕೂತು ಹಳೆಯ ಲ್ಯಾಪ್‌ಟಾಪಿನಲ್ಲಿ ನಿಜವಾದ ಸಂಶೋಧನೆಯ ದತ್ತಾಂಶ ಬಿಡಿಸಲು ಈಗ ಯಾರ ಅಪ್ಪಣೆಯೂ ಬೇಡ.

ಬ್ಯಾಸಗಿ ಸೂಟ್ಯಾಗ ಏನರ ಮಾಡಬಹುದಾ?

ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಇದೆ. ಐಯುಕಾದಲ್ಲಿ ರಜೆಯ ಕಾರ್ಯಕ್ರಮ ಇದೆ. ಅರ್ಜಿ ಬೇಸಿಗೆಗೆ ಬಹಳ ಮುಂಚೆಯೇ ಕರೆಯುತ್ತಾರೆ, ಕೆಲವನ್ನು ಹಿಂದಿನ ವರ್ಷದ ಕೊನೆಯಲ್ಲೇ. ಏಪ್ರಿಲಿನಲ್ಲಿ ಪರೀಕ್ಷೆ ಮುಗಿಸಿ ಹುಡುಕಲು ಕೂತರೆ ಎಲ್ಲ ಮುಗಿದಿರುತ್ತದೆ. ಇನ್ನೂ ಪಿಯುಸಿಯಲ್ಲಿರುವವರು ಖಗೋಳ ಒಲಿಂಪಿಯಾಡಿನ ಮೊದಲ ಹಂತದ ಪರೀಕ್ಷೆ ಬರೆಯಬಹುದು.

## ಎಂ.ಎಸ್ಸಿ. ಮತ್ತು ಆಚೆ

ಎಂ.ಎಸ್ಸಿ. ಫಿಸಿಕ್ಸೇ ಮಾಡೂದೋ, ಅಸ್ಟ್ರೋಫಿಸಿಕ್ಸ್ ತಗೊಳ್ಳೂದೋ?

ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ, ಐಐಟಿ ಇಂದೋರ್ ಇಂಥ ಕಡೆ ಖಗೋಳದಲ್ಲೇ ಎಂ.ಎಸ್ಸಿ. ಇದೆ. ಪಿಎಚ್.ಡಿ. ಮಾಡೇ ಮಾಡುತ್ತೇನೆ ಅನ್ನುವವರಿಗೆ ಅವು ಸರಿ. ಸ್ವಲ್ಪ ಅನುಮಾನ ಇದ್ದರೂ ಫಿಸಿಕ್ಸ್ ತೆಗೆದುಕೊಳ್ಳಿ. ನಾಳೆ ಪಿಯು ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕುವಾಗ "ನಿಮ್ಮ ಪದವಿ ಫಿಸಿಕ್ಸಿಗೆ ಸಮಾನವೇ?" ಅನ್ನುವ ತಕರಾರು ಬರುವುದಿಲ್ಲ. ಮನೆಯ ಪರಿಸ್ಥಿತಿ ಬಿಗಿಯಾಗಿರುವವರಿಗೆ ಇದು ಸಣ್ಣ ಮಾತಲ್ಲ.

ಜಿಯೋಫಿಸಿಕ್ಸ್ ಎಂ.ಎಸ್ಸಿ. ಕರ್ನಾಟಕದಾಗ ಇಲ್ಲೇನ್ರಿ?

ಇದಕ್ಕೆ ಹೆಚ್ಚಾಗಿ ಹೊರಗೇ ಹೋಗಬೇಕು. ನಮಗೆ ಅನುಕೂಲದ ಊರು ಹೈದರಾಬಾದ್. ಉಸ್ಮಾನಿಯಾದಲ್ಲಿ ಜಿಯೋಫಿಸಿಕ್ಸ್ ವಿಭಾಗ ಇದೆ, ಪಕ್ಕದಲ್ಲೇ 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಇದೆ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ, ಬನಾರಸ್ ಹಿಂದೂ ವಿಶ್ವವಿದ್ಯಾಲಯ, ಐಐಟಿ ಬಾಂಬೆ ಕೂಡ ಹೆಸರಾದವು. ಸಮುದ್ರ ತಳದ ಅಧ್ಯಯನ ಇಷ್ಟವಾದರೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಧಾರವಾಡಕ್ಕೆ ಬೆಂಗಳೂರಿಗಿಂತ ಹತ್ತಿರ. ಧಾರವಾಡದಲ್ಲೇ ಉಳಿಯಬೇಕು ಅಂದರೆ ಎಂ.ಎಸ್ಸಿ. ಫಿಸಿಕ್ಸ್ ಅಥವಾ ಜಿಯಾಲಜಿ ಮಾಡಿ, ಪಿಎಚ್.ಡಿ.ಯಲ್ಲಿ ಜಿಯೋಫಿಸಿಕ್ಸಿಗೆ ಹೊರಳಬಹುದು.

ಜ್ಯಾಮ್, ಜೆಸ್ಟ್, ನೆಟ್, ಗೇಟ್... ಯಾವುದು ಯಾವುದಕ್ಕ? ತಲಿ ಕೆಟ್ಟು ಹೋಗೇದ.

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಜ್ಯಾಮ್. ಇದು ಐಐಟಿಗಳ ಎಂ.ಎಸ್ಸಿ.ಗೆ. ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ಜೆಸ್ಟ್, ಖಗೋಳ ಮತ್ತು ಫಿಸಿಕ್ಸ್ ಸಂಶೋಧನಾ ಸಂಸ್ಥೆಗಳ ಪಿಎಚ್.ಡಿ.ಗೆ. ಸಿಎಸ್‌ಐಆರ್ ನೆಟ್ ಪಾಸಾಗಿ ಜೆಆರ್‌ಎಫ್, ಅಂದರೆ ಸಂಶೋಧನೆಯ ಕಿರಿಯ ಫೆಲೋಶಿಪ್, ಸಿಕ್ಕರೆ ಆ ದುಡ್ಡು ನಿಮ್ಮ ಜೊತೆಗೇ ಬರುತ್ತದೆ. ಭೌತ ವಿಜ್ಞಾನಕ್ಕೆ ಒಂದು ಪತ್ರಿಕೆ, ಭೂಮಿ, ವಾತಾವರಣ, ಸಾಗರ, ಗ್ರಹ ವಿಜ್ಞಾನಕ್ಕೆ ಇನ್ನೊಂದು. ಗೇಟ್‌ನಲ್ಲಿ ಫಿಸಿಕ್ಸ್ ಪತ್ರಿಕೆಯೂ ಇದೆ, ಜಿಯಾಲಜಿ-ಜಿಯೋಫಿಸಿಕ್ಸ್ ಪತ್ರಿಕೆಯೂ ಇದೆ. ಒಂದೇ ವಿಷಯದ ಪರೀಕ್ಷೆಗಳಿಗೆ ಓದು ಬಹುತೇಕ ಒಂದೇ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ನೋಟ್ಸ್ ಕೊಂಡು ರಾಶಿ ಹಾಕುವುದಕ್ಕಿಂತ ಅದು ಎಷ್ಟೋ ಮೇಲು.

ಪಿಎಚ್.ಡಿ. ಅಂದ್ರ ಐದಾರು ವರ್ಷ. ಮನ್ಯಾಗ "ಮದುವಿ ಯಾವಾಗ" ಅಂತಾರ. ಹೊಟ್ಟಿಗೆ ಏನ್ ಗತಿ?

ಹೊಟ್ಟೆಯ ಮಾತು ಮೊದಲು. ಪಿಎಚ್.ಡಿ.ಗೆ ನೀವು ದುಡ್ಡು ಕೊಡುವುದಿಲ್ಲ, ಅವರೇ ಕೊಡುತ್ತಾರೆ. 2023ರ ಪರಿಷ್ಕರಣೆಯಂತೆ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದಾಗ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಊರಿಗೆ ಸ್ವಲ್ಪ ಕಳಿಸಿಯೂ ಬದುಕಬಹುದು. ಈ ಅಂಕಿಯನ್ನು ಅಪ್ಪಾಜಿಯ ಮುಂದೆ ಇಟ್ಟರೆ ಅರ್ಧ ಜಗಳ ಮುಗಿಯುತ್ತದೆ. ಪಿಎಚ್.ಡಿ. ಅಂದರೆ ಇನ್ನೂ ಫೀ ಕಟ್ಟುವ ಓದು ಅಂತಲೇ ಬಹಳ ಮನೆಗಳಲ್ಲಿ ತಿಳಿದಿದ್ದಾರೆ.

ಮದುವೆಯ ಪ್ರಶ್ನೆ ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ ಬರುತ್ತದೆ. ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ತೋರಿಸಲು ಹೆಸರುಗಳಂತೂ ಇವೆ. ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕಿಯಾಗಿ 2019ರಲ್ಲಿ ಬಂದವರು ಅನ್ನಪೂರ್ಣಿ ಸುಬ್ರಮಣಿಯಂ. ಸೂರ್ಯನನ್ನು ನೋಡಲು 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ಯೋಜನೆಯ ನಿರ್ದೇಶಕಿ ನಿಗರ್ ಶಾಜಿ. ಮದುವೆ ಆದ ಮೇಲೂ ಪಿಎಚ್.ಡಿ. ಮುಂದುವರಿಸುವವರು ಇದ್ದಾರೆ. ಸಂಸ್ಥೆಯಲ್ಲಿ ಕುಟುಂಬಕ್ಕೆ ವಸತಿ ಇದೆಯೇ, ಹೆರಿಗೆ ರಜೆ ಹೇಗೆ ಅಂತ ಸೇರುವ ಮುಂಚೆಯೇ ಕೇಳಿ. ಅದನ್ನು ಕೇಳಲು ನಾಚಿಕೆ ಯಾಕೆ?

ಇಷ್ಟೆಲ್ಲಾ ಓದಿ ನೌಕರಿ ಸಿಗತೈತ್ರಿ?

ಇಲ್ಲಿ ಎರಡು ವಿಷಯಗಳ ದಾರಿ ಕವಲೊಡೆಯುತ್ತದೆ. ಖಗೋಳದಲ್ಲಿ ಕಾಯಂ ಹುದ್ದೆ ಕಡಿಮೆ. ಪಿಎಚ್.ಡಿ. ಆದ ಮೇಲೆ ಎರಡು ಮೂರು ಪೋಸ್ಟ್‌ಡಾಕ್ (ತಾತ್ಕಾಲಿಕ ಸಂಶೋಧನಾ ಕೆಲಸ), ಬಹುತೇಕ ಹೊರದೇಶದಲ್ಲಿ, ಆಮೇಲೆ ಸಂಸ್ಥೆ ಅಥವಾ ವಿಶ್ವವಿದ್ಯಾಲಯದ ಹುದ್ದೆಗೆ ಪೈಪೋಟಿ. ಅಲ್ಲಿಂದ ಹೊರಬಿದ್ದವರು ಡೇಟಾ ಸೈನ್ಸ್ ಕಡೆ ಹೋಗುತ್ತಾರೆ, ಬೋಧನೆಗೆ ಬರುತ್ತಾರೆ. ಇದನ್ನು ಮೊದಲೇ ತಿಳಿದು ಸೇರುವುದು ಒಳ್ಳೆಯದು.

ಜಿಯೋಫಿಸಿಕ್ಸಿನಲ್ಲಿ ಎಂ.ಎಸ್ಸಿ.ಗೇ ನೌಕರಿಯ ಬಾಗಿಲುಗಳಿವೆ. ಯುಪಿಎಸ್‌ಸಿ ನಡೆಸುವ ಭೂವಿಜ್ಞಾನಿಗಳ ಪರೀಕ್ಷೆಯಲ್ಲಿ ಪಾಸಾದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಜಿಯೋಫಿಸಿಸಿಸ್ಟ್ ಆಗಬಹುದು. ನಮ್ಮ ಹುಡುಗರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಈ ಹುದ್ದೆಗೆ ಎಂ.ಎಸ್ಸಿ. ಫಿಸಿಕ್ಸ್ ಮಾಡಿದವರೂ ಅರ್ಹರು. ವಯಸ್ಸು 21ರಿಂದ 32, ಮೀಸಲಾತಿಯ ಸಡಿಲಿಕೆ ಬೇರೆ. ಓಎನ್‌ಜಿಸಿ, ಆಯಿಲ್ ಇಂಡಿಯಾ, ಪರಮಾಣು ಖನಿಜ ನಿರ್ದೇಶನಾಲಯ ಕೂಡ ತೆಗೆದುಕೊಳ್ಳುತ್ತವೆ. ಪ್ರತಿ ವರ್ಷ ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿದವರು ಬಿ.ಎಡ್. ಒಂದೇ ದಾರಿ ಅಂತ ಸಾಲುಗಟ್ಟಿ ನಿಲ್ಲುವುದನ್ನು ನೋಡಿದಾಗ ಈ ಪರೀಕ್ಷೆಯ ಹೆಸರು ಗೋಡೆಯ ಮೇಲೆ ಬರೆಯಬೇಕು ಅನ್ನಿಸುತ್ತದೆ.

ಇಸ್ರೋಕ್ಕ ಹೋಗಬೇಕಂದ್ರ ಅಸ್ಟ್ರಾನಮಿ ಓದಬೇಕಲ್ರಿ?

ರಾಕೆಟ್, ಉಪಗ್ರಹ ಕಟ್ಟುವವರು ಹೆಚ್ಚಾಗಿ ಇಂಜಿನಿಯರುಗಳು. ಖಗೋಳ ಓದಿದವರಿಗೆ ಉಪಕರಣ ಮತ್ತು ದತ್ತಾಂಶದ ಕಡೆ ಕೆಲಸ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಅಂಥ ಕಡೆ. ಆದಿತ್ಯ-ಎಲ್1ರ ಮುಖ್ಯ ಉಪಕರಣವನ್ನು ಕಟ್ಟಿದ್ದು ಇಸ್ರೋ ಅಲ್ಲ, ಭಾರತೀಯ ಖಭೌತ ಸಂಸ್ಥೆಯವರು, ಹೊಸಕೋಟೆಯ ತಮ್ಮ ಕೇಂದ್ರದಲ್ಲಿ.

ಎರಡೂ ಇಷ್ಟ ಅದಾವ ಸರ್. ಫಿಸಿಕ್ಸ್ ಎಂ.ಎಸ್ಸಿ. ಕೊನೇ ಸೆಮ್. ಒಳಗಿನ ಗಣಿತ ನಿಜವಾಗ್ಲೂ ಬ್ಯಾರೆನಾ?

ಬಹಳ ಬೇರೆ ಅಲ್ಲ. ಎರಡರಲ್ಲೂ ಮುಟ್ಟಲಾಗದ ವಸ್ತುವಿನ ಒಳಗನ್ನು ಹೊರಗಿನ ಅಳತೆಯಿಂದ ಊಹಿಸಬೇಕು. ಸೂರ್ಯನ ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿಯುತ್ತದೆ. ಒಳಗೆ ಓಡಾಡುವ ಶಬ್ದದ ಅಲೆಗಳು ಅದಕ್ಕೆ ಕಾರಣ. ಆ ಏರಿಳಿತ ನೋಡಿ ಸೂರ್ಯನ ಒಳಗಿನ ವೇಗ, ಉಷ್ಣತೆ ಲೆಕ್ಕ ಹಾಕುತ್ತಾರೆ. ಭೂಕಂಪದ ಅಲೆಯಿಂದ ಭೂಮಿಯ ತಿರುಳನ್ನು ಕಂಡುಕೊಂಡದ್ದೂ ಇದೇ ಬಗೆಯ ಲೆಕ್ಕದಿಂದ.

ತೊಡಕು ಎಲ್ಲಿದೆ ಅಂದರೆ, ಒಂದೇ ಅಳತೆಗೆ ಹೊಂದುವ ಉತ್ತರ ಹಲವು ಇರುತ್ತವೆ. ಬೋರ್‌ವೆಲ್ ಪಾಯಿಂಟಿನ ಗ್ರಾಫನ್ನೇ ತೆಗೆದುಕೊಳ್ಳಿ. ತೆಳುವಾದ, ರೋಧ ಬಹಳ ಕಡಿಮೆ ಇರುವ ಪದರವೂ, ಅದಕ್ಕಿಂತ ಎರಡು ಪಟ್ಟು ದಪ್ಪದ, ಎರಡು ಪಟ್ಟು ರೋಧದ ಪದರವೂ ಹೆಚ್ಚುಕಡಿಮೆ ಒಂದೇ ಗೆರೆ ಕೊಡಬಲ್ಲವು. ಆಗ ಬೇರೆ ಮಾಹಿತಿ ತರಬೇಕು. ಪಕ್ಕದ ಬಾವಿಯ ಆಳ, ಕಲ್ಲಿನ ಜಾತಿ, ಗುರುತ್ವದ ಅಳತೆ ಹೀಗೆ. ಈ ಇನ್ವರ್ಸ್ ಲೆಕ್ಕದ ಗಣಿತ, ಅಂದರೆ ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ, ಫೂರಿಯೇ ವಿಶ್ಲೇಷಣೆ, ಗಟ್ಟಿಯಿದ್ದರೆ ಯಾವ ಕಡೆಯೂ ಹೋಗಬಹುದು.

ವ್ಯತ್ಯಾಸ ದಿನದ ಬದುಕಿನಲ್ಲಿದೆ. ಜಿಯೋಫಿಸಿಕ್ಸಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು, ಬಿಸಿಲು, ಉಪಕರಣ ಹೊತ್ತು ನಡೆಯುವುದು, ಹಳ್ಳಿಯವರ ಅನುಮತಿ ಕೇಳುವುದು. ಖಗೋಳದಲ್ಲಿ ತಿಂಗಳುಗಟ್ಟಲೆ ಕೋಡು, ಅಪರೂಪಕ್ಕೆ ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯದಲ್ಲೋ, ಲಡಾಖಿನ 4,500 ಮೀಟರ್ ಎತ್ತರದ ಹಾನ್ಲೆಯ ಟೆಲಿಸ್ಕೋಪನ್ನು ನಡೆಸುವ ಹೊಸಕೋಟೆಯ ಕೇಂದ್ರದಲ್ಲೋ ರಾತ್ರಿ ಪಾಳಿ, ಅದೂ ಮೋಡ ಬಂದರೆ ಇಲ್ಲ. ನನ್ನನ್ನು ಕೇಳಿದರೆ, ಹೊಲದ ಮನೆಯಿಂದ ಬಂದ ನಮ್ಮ ಮಕ್ಕಳಿಗೆ ಜಿಯೋಫಿಸಿಕ್ಸ್ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಆದರೆ ಅದರ ಹೆಸರೇ ಅವರ ಕಿವಿಗೆ ಬಿದ್ದಿರುವುದಿಲ್ಲ.

ಮಾರ್ಗದರ್ಶಕರಿಗೆ ಇಮೇಲ್ ಕಳಸೇನಿ, ಉತ್ತರಾನ ಇಲ್ಲ. ಹೆಂಗ ಬರೀಬೇಕು?

"ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ವೆರಿ ಇಂಟರೆಸ್ಟೆಡ್" ಅಂತ ಶುರುವಾಗಿ ಎರಡು ಪುಟ ಓಡುವ ಪತ್ರ ಅವರಿಗೆ ದಿನಾ ಬರುತ್ತದೆ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳಿಸಿದ್ದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಅವರ ಒಂದು ಪ್ರಬಂಧ ಪೂರ್ತಿ ಓದಿ. ಅದರಲ್ಲಿ ನಿಮಗೆ ಅರ್ಥವಾಗದ ಒಂದು ಜಾಗ, ಅಥವಾ ನೀವೇ ಮತ್ತೆ ಮಾಡಿ ನೋಡಿದ ಒಂದು ಚಿತ್ರದ ಬಗ್ಗೆ ಎರಡು ಸಾಲು ಬರೆಯಿರಿ. ಏನು ಓದಿದ್ದೀರಿ, ಯಾವ ಕೋಡು ಬರುತ್ತದೆ, ಯಾವ ತಿಂಗಳು ಬಿಡುವಿದ್ದೀರಿ ಅಂತ ಇನ್ನು ಮೂರು ಸಾಲು. ಅಂಕಪಟ್ಟಿ ಒಂದೇ ಕಡತದಲ್ಲಿ ಲಗತ್ತಿಸಿ. ಎರಡು ವಾರ ಕಾದು ಒಮ್ಮೆ ನೆನಪಿಸಿ. ಆಗಲೂ ಉತ್ತರ ಬರಲಿಲ್ಲ ಅಂದರೆ ಬೇಜಾರು ಬೇಡ, ಮುಂದಿನವರ ಪ್ರಬಂಧ ತೆಗೆದು ಓದಲು ಶುರು ಮಾಡಿ.